ಗಿಳಿ ಮುದ್ರಿಯ ರೊಟ್ಟಿ

ಪುಣೆ
10 ನವೆಂಬರ್ 2024

ರತ್ನವ್ವಾ,

ಮೊದಲು ಈ ಉಸಾಬರಿಗೆ ಬಿದ್ದ ಖರ್ಚು ಹೇಳಿಬಿಡ್ತೀನಿ. ನಾಳೆ ಯಾರೂ ಬಾಬಣ್ಣ ಪುಕ್ಕಟೆ ಶಾಣ್ಯಾ ಆದ ಅನಬಾರದು. ಸಾಗವಾನಿ ಕಟಗಿ ಒಂದು ತುಂಡು. ಲಕ್ಷ್ಮೇಶ್ವರದ ಬಡಿಗ ತನ್ವೀರನ ಸಿಟ್ಟು, ಯಾಕಂದ್ರ ದೇವರಮನಿ ಬಾಗಲಾ ಕೆತ್ತೋ ಕೈಲೆ ರೊಟ್ಟಿಗೆ ಗಿಳಿ ಕೆತ್ತಸಿದೆ ಅಂತ. ಹೆಂಡತಿ ನೀಲಾನ ಜೋಡಿ ಒಂದು ಜಗಳ. ಇಲ್ಲಿ ಮ್ಯಾನೇಜಮೆಂಟ್ ಕಲಸಾವನ ಮುಂದ ಮೂರು ಐತವಾರ ಬೆಂಚಿನ ಮ್ಯಾಲೆ ಕುಂತು ಹಿಡಕೊಂಡ ನಡಾ. ಕಡೀಕ ನಿನ್ನ ಜೋಡಿ ಫೋನಿನ್ಯಾಗ ಆದ ಕಡದಾಟ. ಅದರ ಕಿಮ್ಮತ್ತು ಇನ್ನೂ ಹಾಕಿಲ್ಲ.

ನೀ ಅಂದಿ, "ಫೋನಿನ್ಯಾಗ ನೀವು ನನಗ ಬಾಯಿ ತಗಿಯಾಕ ಬಿಡಂಗಿಲ್ಲ. ಏನೈತಿ ಹಾಳಿ ಮ್ಯಾಲೆ ಬರದು ಕಳಸ್ರಿ. ನಾನೂ ರೊಟ್ಟಿ ಪೆಟಗಿ ಜೋಡಿ ಬರದು ಕಳಸ್ತೀನಿ." ಆತು. ಅಝೀಮನ ಬಸ್ಸು ಹೆಂಗೂ ರೊಟ್ಟಿ ತುಂಬಕೊಂಡು ಬರ್ತೈತಿ, ಖಾಲಿ ಪೆಟಗಿ ತುಂಬಕೊಂಡು ಹೊಕ್ಕೈತಿ. ಈ ಕಾಗದ ಖಾಲಿ ಪೆಟಗಿಯಾಗ ಬರಾಕತ್ತೈತಿ, ಹನ್ನೆರಡು ಮುದ್ರಿ ಜೋಡಿ.

ಮುದ್ರಿ ಯಾಕ ಅಂತ ಕೇಳ್ತಿ. ನಾನು ಬೆಟಗೇರಿ ಮಗ್ಗದ ಮನ್ಯಾಗ ಹುಟ್ಟಿದವ. ನಮ್ಮಪ್ಪ ನೇಯ್ದ ಸೀರಿ ತುದಿಗೆ ಒಂದು ಹಸರ ಎಳಿ ಹಾಕತಿದ್ದ. ಸಾವಕಾರ ಆ ಎಳಿ ನೋಡಿ ಇದು ಇಂಥಾವನ ಸೀರಿ ಅಂತ ಗುರ್ತು ಹಿಡದು ಕೂಲಿ ಕೊಡತಿದ್ದ. ಹೆಚ್ಚು ನೇಯ್ದವಗ ಹೆಚ್ಚು. ಅದರಾಗ ಸುಳ್ಳಿಲ್ಲ, ಮುಲಾಜಿಲ್ಲ. ನೀ ನೋಡಿಕೊಳ್ಳೋ ನಮ್ಮ ಶಿಗ್ಲಿ ಶೆಡ್ಡಿನ್ಯಾಗ ಹನ್ನೆರಡು ಒಲಿ ಅದಾವು. ಒಂದೊಂದು ಒಲಿಗೆ ಒಬ್ಬಾಕಿ ರೊಟ್ಟಿ ಬಡಿತಾಳ, ಒಬ್ಬಾಕಿ ಹಂಚಿನ ಮ್ಯಾಲೆ ಬೇಯಸ್ತಾಳ. ಬಡಿಯಾಕಿಗೆ ಒಂದೊಂದು ಮುದ್ರಿ ಕೊಡು: ಗಿಳಿ, ಚಿಕ್ಕಿ, ತೆನಿ, ಕಮಲ, ಹಿಂಗ. ಹಸಿ ರೊಟ್ಟಿ ಅಂಚಿಗೆ ಒತ್ತಲಿ. ಮುದ್ರಿ ಎಷ್ಟೋ ಕೂಲಿ ಅಷ್ಟು. ಬೇಯಸಾಕಿಗೆ ಹಿಂದಿನಂಗ ದಿನಗೂಲಿ ಇರ್ಲಿ. ಬೇಯಿಸೋದರಾಗ ಎಣಸೂದು ಏನೈತಿ?

ಇನ್ನ ಖರೆ ಮಾತು. ಇಲ್ಲಿ ಮೆಸ್ಸುಗಳಿಗೆ ಮಾಲು ಹಾಕೋ ಶೇಟ್ ಹೇಳ್ಯಾನ: ಯುಗಾದಿ ತನಕ ಈಗ ಬರೋದರ ಇಮ್ಮಡಿ ರೊಟ್ಟಿ, ಒಡೀದಂಗ ಬಂದ್ರ ವರ್ಷಾನಗಟ್ಟಲೆ ಆರ್ಡರ್ ನಿನಗ. ಬರಲಿಲ್ಲಂದ್ರ ಬ್ಯಾರೆಯವರಿಗೆ. ಹಂಗಾದ್ರ ಶಿಗ್ಲಿ ಶೆಡ್ಡಿಗೆ ಬೀಗ ಹಾಕಿ ಇಲ್ಲೇ ರೊಟ್ಟಿ ಮಷಿನ್ ಕುಂಡ್ರಿಸೂದು ನನಗ ಛಲೋ. ಇದನ್ನ ಹೆಂಗಸರ ಮುಂದ ಓದು. ಅಂಜಲಿ ಅಂತಲ್ಲ, ತಿಳಕೊಳ್ಳಲಿ ಅಂತ.

ಬಾಬಣ್ಣ

*

ಶಿಗ್ಲಿ
15 ನವೆಂಬರ್ 2024

ಬಾಬಣ್ಣಾರಿಗೆ ರತ್ನವ್ವನ ನಮಸ್ಕಾರ.

ಮುದ್ರಿ ಮುಟ್ಟಿದ್ವು. ಕಾಗದ ಓದಿ ಹೇಳಿದೆ. ಬೀಗದ ಮಾತು ಬಂದಾಗ ಎಲ್ಲಾರೂ ಬಾಗಲದ ಕಡೆ ನೋಡಿದ್ರು, ಮುದ್ರಿ ತಗದು ಇಟ್ಟಾಗ ಸಂತಿ ಆತು. ಎಲ್ಲಾರಿಗೂ ಗಿಳೀನ ಬೇಕು. "ನೀ ಬಾಯಿ ಮುಚ್ಚಿದ್ದು ಯಾರೂ ನೋಡಿಲ್ಲ, ಗಿಳಿ ನಿನಗ ಸರಿ" ಅಂತ ಹೇಳಿ ಗುರುಸಿದ್ದವ್ವಗ ಕೊಟ್ರು. ಆಕಿ ನಕ್ಕೋತ ಇಸಗೊಂಡ್ಲು.

ಆಕಿ ಒಲಿ ಮುಂದ ಬೇಯಸಾಕಿ ಹನಮಂತವ್ವ ಕೇಳಿದ್ಲು, "ನಮ್ಮದು ಯಾವ ಮುದ್ರಿ ರೀ?" ನಿಮ್ಮ ಕಾಗದದಾಗ ಇದ್ದದ್ದನ್ನ ಹೇಳಿದೆ. "ಹಂಗಾರ ನಾ ಏನು ಹೊಗಿ ಅನ್ರಿ" ಅಂದ್ಲು. ಇವರಿಬ್ಬರೂ ಈ ಶೆಡ್ ಸುರು ಆದಾಗಿಂದ ಒಂದ ಒಲಿ ಮುಂದ ಕುಂತವರು, ಒಂದ ಬುತ್ತಿ ಉಂಡವರು. ಹೇಳಿದೆ ಅಷ್ಟ.

ನಾಳಿಯಿಂದ ಸುರು ಮಾಡ್ತೀವಿ.

ರತ್ನವ್ವ

*

ಪುಣೆ
2 ಡಿಸೆಂಬರ್ 2024

ರತ್ನವ್ವಾ,

ಹೇಳಿದ್ದೆನೋ ಇಲ್ಲೋ? ನಾಕು ಪೆಟಗಿ ಬರೋ ಕಡೆ ಐದೂವರಿ ಬರಾಕತ್ತಾವು. ಅದ ಹನ್ನೆರಡು ಒಲಿ, ಅವ ಕೈ! ಮ್ಯಾನೇಜಮೆಂಟಿನ ಮಾಸ್ತರಗ ಹೇಳಿದೆ. ಅವ ಬೋರ್ಡಿನ ಮ್ಯಾಲೆ ಬರದು "ಇದಕ್ಕ ಪ್ರೋತ್ಸಾಹ ಅಂತಾರ" ಅಂದ. ನಾನಂದೆ, "ಸರ, ಇದಕ್ಕ ನಮ್ಮ ಕಡೆ ಹಸರ ಎಳಿ ಅಂತಾರ."

ಇನ್ನೊಂದು ತಮಾಷಿ ಕೇಳು. ಇಲ್ಲಿ ಮಂದಿ ರೊಟ್ಟಿ ತಿರುವಿ ನೋಡಿ "ಪೋಪಟ್‌ವಾಲಿ ಭಾಕರಿ ಕೊಡ್ರಿ" ಅನ್ನಾಕತ್ತಾರ, ಅಂದ್ರ ಗಿಳಿ ರೊಟ್ಟಿ. ಮೊದಲ ವಾರ ಗಿಳಿ ರೊಟ್ಟಿ ತೆಳ್ಳಗ, ಗರಿಗರಿ ಇದ್ವಂತ. ಗುರುಸಿದ್ದವ್ವಗ ಒಂದು ಸ್ಟೀಲಿನ ಕೊಡಾ ಕಳಿಸೀನಿ. ಎಲ್ಲಾರ ಎದುರಿಗೆ ಕೊಡು, ಚಪ್ಪಾಳಿ ಹೊಡಸು. ಉಳದವರಿಗೂ ಹೊಟ್ಟಿ ಉರದು ಕೈ ಓಡಬೇಕು.

ತಾಜಾ ಕಲಂ: ಈ ಸಲ ಸ್ವಲ್ಪ ರೊಟ್ಟಿ ಒಡದಿದ್ವು. ಶಿರಹಟ್ಟಿ ಕಡೆ ರಸ್ತೆ ಕೆಟ್ಟೈತಲ್ಲ. ಅಝೀಮಗ ಸಾವಕಾಶ ಹೊಡಿ ಅನ್ನು.

ಬಾಬಣ್ಣ

*

ಶಿಗ್ಲಿ
9 ಡಿಸೆಂಬರ್ 2024

ಬಾಬಣ್ಣಾರಿಗೆ,

ಕೊಡಾ ಕೊಟ್ಟೆ. ಚಪ್ಪಾಳಿ ಹೊಡದರು, ಅರ್ಧಾ ಮಂದಿ. ಹೊಟ್ಟಿ ಉರೀಬೇಕು ಅಂದಿದ್ರಿ, ಉರದೈತಿ.

ಅಝೀಮಗೂ ಹೇಳಿದೆ. "ಅಕ್ಕಾ, ನಿಮ್ಮ ರೊಟ್ಟಿ ಮೊದಲೂ ಇದ ರಸ್ತೆ ಮ್ಯಾಲ ಹೋಗಿದ್ವು" ಅಂದ.

ಮುಂಡರಗಿ ಕಡೆಯಿಂದ ಹೊಸಾ ಜ್ವಾಳ ಬಂತು, ಹಿಟ್ಟು ಛಲೋ ಐತಿ. ಮತ್ತೇನಿಲ್ಲ.

ರತ್ನವ್ವ

*

ಪುಣೆ
24 ಡಿಸೆಂಬರ್ 2024

ರತ್ನವ್ವಾ,

"ಮತ್ತೇನಿಲ್ಲ" ಅಂತ ಬರಿತಿ. ಇಲ್ಲಿ ಬಂದು ನೋಡು ಏನೈತಿ ಅಂತ. ಪೆಟಗಿ ತಗದ್ರ ರೊಟ್ಟಿ ಅಲ್ಲ, ನುಚ್ಚು. ಅಂಚು ಸೀಳಿ, ನಟ್ಟನಡುವ ಒಡದು, ಕೆಲವು ಒಂದು ಕಡೆ ಕರಕಾಗಿ ಇನ್ನೊಂದು ಕಡೆ ಮೆತ್ತಗ. ಶೇಟ್ ಒಂದು ಮುಷ್ಟಿ ನುಚ್ಚು ಹಿಡದು ನನ್ನ ಕೈಯಾಗ ಹಾಕಿ, "ಬಾಬೂಶೇಟ್, ಹಕ್ಕಿಗೆ ಹಾಕೋ ಮಾಲು ಇನ್ನೊಂದು ಅಂಗಡಿಗೆ ಕೊಡ್ರಿ" ಅಂದ. ನಾಕು ಮಂದಿ ನಕ್ಕರು. ನಾನೂ ನಕ್ಕೆ. ಏನು ಮಾಡ್ಲಿ?

ಅಝೀಮನ ಜೋಡಿ ಸ್ಟ್ಯಾಂಡಿನ್ಯಾಗ ಜಗಳಾಡಿದೆ. ಅವ ಸ್ಟೇರಿಂಗ್ ಮುಟ್ಟಿ ಆಣಿ ಮಾಡಿದ. ಸುಳ್ಳ ಹೇಳ್ತಾನ. ಪೆಟಗಿಗೆ ಭತ್ತದ ಹುಲ್ಲು ಹಾಸಾಕ ಕಳಿಸೀನಿ, ಕೆಳಗ ಒಂದು ಪದರು, ಮ್ಯಾಲೆ ಒಂದು ಪದರು.

ಗುರುಸಿದ್ದವ್ವಗ ಕೊಡಾ ಕೊಟ್ಟಮ್ಯಾಲೆ ತಲಿ ತಿರಗೇತಿ ಅಂತ ಅನಸ್ತೈತಿ. ಗಿಳಿ ರೊಟ್ಟಿನ ಎಲ್ಲಾಕಿಂತ ಹೆಚ್ಚು ಒಡದು ಬರಾಕತ್ತಾವು. ಆಕಿಗೆ ಹೇಳು. ಮಷಿನಿನವ ನಿನ್ನೆ ಬಂದಿದ್ದ, ಬಣ್ಣದ ಹಾಳಿ ಕೊಟ್ಟು ಹೋದ. ಅದು ನನ್ನ ಕಿಸೆದಾಗ ಐತಿ. ಸಂಕ್ರಾಂತಿ ಆದಮ್ಯಾಲೆ ಬರೋ ಮೊದಲ ಮಾಲು ನೋಡ್ತೀನಿ. ಆಮ್ಯಾಲೆ ಯುಗಾದಿ ತನಕ ಕಾಯೋ ಕೆಲಸ ಇಲ್ಲ.

ಬಾಬಣ್ಣ

*

ಶಿಗ್ಲಿ
1 ಜನವರಿ 2025

ಬಾಬಣ್ಣಾರಿಗೆ,

ಎಳ್ಳ ಅಮಾಸಿ ಆತು. ಈ ವಾರ ಮಾಲು ಬರಂಗಿಲ್ಲ. ಒಲಿ ಕಟ್ಟಿ ಸೀಳ್ಯಾವು, ಮೆತ್ತಿ ಸಾರಸಾಕತ್ತೀವಿ.

ಅಝೀಮನ್ನ ಬಯ್ಯಬ್ಯಾಡ್ರಿ.

ರತ್ನವ್ವ

*

ಪುಣೆ
22 ಜನವರಿ 2025

ರತ್ನವ್ವಾ,

ಶಾಭಾಸ್! ಸಂಕ್ರಾಂತಿ ಮಾಲು ಬಂತು. ಪೆಟಗಿ ತಗದೆ, ಒಂದೂ ಒಡದಿಲ್ಲ. ಇನ್ನೊಂದು ತಗದೆ, ಒಂದೂ ಇಲ್ಲ. ಶೇಟ್ ಒಂದು ರೊಟ್ಟಿ ಎತ್ತಿ ಬಿಸಲಿಗೆ ಹಿಡದ, ಮುರದ, ಸಪ್ಪಳಾ ಕೇಳಿದ, ತಿಂದ, ಇನ್ನೊಂದಕ್ಕ ಕೈ ಹಾಕಿದ. ಅವ ಎರಡನೇದಕ್ಕ ಕೈ ಹಾಕಿದ್ದು ನಾ ಇದ ಮೊದಲು ನೋಡಿದ್ದು.

ನೋಡು, ಯಾವುದರಿಂದ ಏನಾತು ಅಂತ ನಾನು ತಿಳಕೊಂಡಿರ್ತೀನಿ. ಒಂದು, ಹುಲ್ಲು. ಎರಡು, ನಾ ಬರದ ಬಿರುಸಿನ ಕಾಗದ. ಮೂರು, ಮುದ್ರಿ. ಮಾಸ್ತರ ನನ್ನನ್ನ ಕ್ಲಾಸಿನ ಮುಂದ ನಿಲ್ಲಿಸಿ ಮಾತಾಡಸಿದ. ಅರ್ಧಾ ತಾಸು ಮಾತಾಡಿದೆ. "ಕೆಲಸಗಾರ್ರಿಗೆ ಹೆಸರು ಕೊಡ್ರಿ, ಸ್ವಲ್ಪ ಅಂಜಿಕಿ ಕೊಡ್ರಿ, ಉಳದದ್ದು ತಾನ ಆಗತೈತಿ" ಅಂದೆ. ಕೋಟ್ ಹಾಕ್ಕೊಂಡವರು ಬರಕೊಂಡರು.

ಗಿಳಿ ರೊಟ್ಟಿಗೆ ಮತ್ತ ಕೇಳಿಕಿ ಬಂದೈತಿ. ಹೆಚ್ಚಿಗಿ ಕಳಸು. ಯಾವ ಮುದ್ರಿ ಎಷ್ಟು ಅಂತ ಬರದು ಕಳಸು, ನಾ ಇನ್ನೊಂದು ಕೊಡಾ ತಗೊಂಡೀನಿ.

ಬಾಬಣ್ಣ

*

ಶಿಗ್ಲಿ
30 ಜನವರಿ 2025

ಬಾಬಣ್ಣಾರಿಗೆ,

ನೀವು ಮಾತಾಡಿದ್ದು ಕೇಳಿ ಸಂತೋಷ ಆತು. ಹುಲ್ಲು ದನಕ್ಕ ಹಾಕಿದ್ವಿ, ಛಲೋ ತಿಂದ್ವು.

ಯಾವ ಮುದ್ರಿ ಎಷ್ಟು ಅನ್ನೋದು ಮುಂದ ಬರೀತೀನಿ. ಗಿಳಿ ರೊಟ್ಟಿ ಬೇಕಾದಷ್ಟು ಬರ್ತಾವು. ಕಾಳಜಿ ಬ್ಯಾಡ. ಕೊಡಾ ಕಳಸಬ್ಯಾಡ್ರಿ, ಇಟ್ಟಕೊಳ್ಳಾಕ ಜಾಗಾ ಇಲ್ಲ.

ರತ್ನವ್ವ

*

ಪುಣೆ
16 ಫೆಬ್ರುವರಿ 2025

ರತ್ನವ್ವಾ,

ಹುಲ್ಲು ದನಕ್ಕ ಹಾಕಿದ್ವಿ ಅಂದಿ. ಆ ಮಾತು ತಲಿಯಾಗ ಕುಂತು ಬಿಟ್ಟಿತು. ಹುಲ್ಲಿಲ್ಲದ ಹೆಂಗ ಬಂದ್ವು ಅಂತ ಇವತ್ತು ಗೋದಾಮಿನ್ಯಾಗ ಇದ್ದ ಪೆಟಗಿ ಎಲ್ಲಾ ತಗದು ರೊಟ್ಟಿ ಒಂದೊಂದ ತಿರುವಿ ನೋಡಿದೆ. ಎಲ್ಲಾ ಗಿಳಿ! ಚಿಕ್ಕಿ ಇಲ್ಲ, ತೆನಿ ಇಲ್ಲ, ಕಮಲ ಇಲ್ಲ. ಗುರುಸಿದ್ದವ್ವಗ ಎರಡ ಕೈ ಅದಾವು. ಇಷ್ಟು ರೊಟ್ಟಿ ಬಡೀಬೇಕಂದ್ರ ಆಕಿಗೆ ಇಪ್ಪತ್ತನಾಕು ಕೈ ಬೇಕು.

ನಾ ದಡ್ಡ ಅಲ್ಲ. ಗಿಳಿಗೆ ಕೇಳಿಕಿ ಐತಿ, ಕೊಡಾ ಐತಿ, ಅದಕ್ಕ ಎಲ್ಲಾರ ರೊಟ್ಟಿಗೂ ಗಿಳಿ ಒತ್ತಿ ಆಕಿ ಒಬ್ಬಾಕಿ ಹೆಸರಿಗೆ ಕೂಲಿ ಎತ್ತಾಕತ್ತೀರಿ. ಆಮ್ಯಾಲೆ ಹಂಚಕೊಂತೀರೋ, ಉಳದವರಿಗೆ ಮೋಸ ಮಾಡ್ತೀರೋ, ಅದು ನಿಮಗ ಗೊತ್ತು. ನೀ ಇದರಾಗ ಇದ್ದಿ ಅಂತ ನನಗ ನಂಬಾಕ ಆಗವಲ್ದು. ಆದ್ರ ಲೆಕ್ಕ ಕೇಳಿದಾಗ "ಮುಂದ ಬರೀತೀನಿ" ಅಂದಾಕಿ ನೀನ.

ಬರೋ ಐತವಾರ ಶಿಗ್ಲಿಗೆ ಬರ್ತೀನಿ. ಬೀಗ ತಗೊಂಡೀನಿ, ಅಲಿಗಢದ್ದು. ನೀ ಹೇಳೂದಿದ್ರ ಅಷ್ಟರಾಗ ಬರದು ಕಳಸು.

ಬಾಬಣ್ಣ

*

ಶಿಗ್ಲಿ
19 ಫೆಬ್ರುವರಿ 2025

ಬಾಬ್ಯಾ,

ಇವತ್ತು ನಮಸ್ಕಾರ ಇಲ್ಲ. ಬೆಟಗೇರಿ ಓಣ್ಯಾಗ ನಿನ್ನ ಚಡ್ಡಿ ಗುಂಡಿ ಹಾಕಿದಾಕಿ ಬರ್ಯಾಕತ್ತೀನಿ, ಶೆಡ್ಡಿನ ಮ್ಯಾನೇಜರ ಅಲ್ಲ.

ಮೋಸ ಅಂದ್ಯಲ್ಲ, ಕೇಳು. ನಿನ್ನ ಮುದ್ರಿ ಬಂದು ವಾರ ಆಗಿರಲಿಲ್ಲ, ಬಡಿಯಾಕಿಯರ ಕೈಗೆ ದೆವ್ವ ಹೊಕ್ಕಿತು. ಹಂಚು ಮಾತ್ರ ಮೊದಲಿನಂಗ ಬೇಯಸ್ತೈತಿ. ಅದಕ್ಕ ನಿನ್ನ ಮುದ್ರಿ ಗೊತ್ತಿಲ್ಲ. ಮುಂಚೆ ಹಂಚು ಖಾಲಿ ಆಗೂದಕ್ಕೂ ರೊಟ್ಟಿ ಬಡದು ಮುಗಿಯೂದಕ್ಕೂ ಸರಿ ಆಗತಿತ್ತು, ಅವರ ಮಾತಿನ್ಯಾಗ ಅದು ತಾನ ಹೊಂದತಿತ್ತು. ಈಗ ಬಡದದ್ದು ಹಲಗಿ ಮ್ಯಾಲೆ ಹಂಗ ಬೀಳಾಕ ಹತ್ತಿತು. ಹಸಿ ರೊಟ್ಟಿಗೆ ಗಾಳಿ ಹತ್ತಿತು, ಅಂಚು ಸೀಳತು. ಬೇಯಸಾಕಿ ಅವಸರಕ್ಕ ಬಿದ್ದು ಉರಿ ಹೆಚ್ಚು ಮಾಡಿದ್ಲು, ಒಂದು ಮಗ್ಗಲು ಸುಟ್ಟಿತು, ಇನ್ನೊಂದು ಹಸಿ ಉಳೀತು. ಅಂಥಾ ರೊಟ್ಟಿ ಪುಣೆ ಯಾಕ, ಲಕ್ಷ್ಮೇಶ್ವರ ಸ್ಟ್ಯಾಂಡಿಗೆ ಇಡಿಯಾಗಿ ಮುಟ್ಟಿದ್ರ ಪುಣ್ಯ. ನೀ ಅಝೀಮನ್ನ ಬೈದಿ, ರಸ್ತೆ ಬೈದಿ, ಹುಲ್ಲು ಕಳಿಸಿದಿ.

ಗಿಳಿ ಒಲಿ ಎಲ್ಲಾಕಿಂತ ಕೆಟ್ಟಿತು. ಕೊಡಾ ಬಂದಮ್ಯಾಲೆ ಗುರುಸಿದ್ದವ್ವ ತಲಿ ಎತ್ತದ ಬಡಿಯಾಕಿ ಆದ್ಲು. ಹಲಗಿ ತುಂಬಿ ನಿಂತಿತ್ತು. "ಎತ್ತ ಲೇ ಹನಮಂತವ್ವಾ, ಎತ್ತ!" ಅಂತ ಒದರಿದ್ಲು. ಹನಮಂತವ್ವ ಸೆರಗಿಗೆ ಕೈ ಒರಸ್ಕೊಂಡು ಎದ್ದು ನಿಂತು, "ನಿನ್ನ ಗಿಳಿಗೆ ರೆಕ್ಕಿ ಅದಾವಲ್ಲ, ಹಾರಿ ಹಂಚಿನ ಮ್ಯಾಲೆ ಬೀಳ್ಲಿ" ಅಂದು ಹೊರಗ ಹೋದ್ಲು.

ಎಳ್ಳ ಅಮಾಸಿಗೆ ಎಲ್ಲಾರೂ ಕೂಡಿ ನಮ್ಮ ಹೊಲಕ್ಕ ಚರಗಾ ಚೆಲ್ಲಾಕ, ಭೂಮಿತಾಯಿಗೆ ಎಡಿ ಕೊಡಾಕ, ಹೋಗಿದ್ವಿ. ಉಣ್ಣಾಕ ಕುಂತಾಗ ನೋಡ್ತೀನಿ, ಬಡಿಯಾಕಿಯರದ ಒಂದು ಸಾಲು, ಬೇಯಸಾಕಿಯರದ ಒಂದು ಸಾಲು. ಪುಂಡಿಪಲ್ಯದ ಡಬ್ಬಿ ಈ ಸಾಲಿನಿಂದ ಆ ಸಾಲಿಗೆ ದಾಟಲಿಲ್ಲ. ಹೊಲದಾಗ ಹಂಗ ಉಂಡದ್ದು ನಾ ಹುಟ್ಟಿದಾಗಿಂದ ನೋಡಿಲ್ಲ. ಅವತ್ತ ತೀರ್ಮಾನ ಮಾಡಿದೆ. ಒಲಿ ಸೀಳಿಲ್ಲ, ಮೆತ್ತಿಲ್ಲ, ಆ ಕಾಗದ ಸುಳ್ಳು. ವಾರ ಶೆಡ್ ನಿಲ್ಲಿಸಿ ಎಲ್ಲಾರನ್ನೂ ಕುಂಡ್ರಿಸಿ ಮಾತಾಡಿದೆ.

ನಾವು ಮಾಡಿದ್ದು ಇಷ್ಟ. ಕೂಲಿ ಕೈಗಲ್ಲ, ಒಲಿಗೆ. ಒಂದು ಒಲಿಯಾಗ ಇಡಿಯಾಗಿ ಬೆಂದು ಪೆಟಗಿ ಸೇರಿದ ರೊಟ್ಟಿ ಎಷ್ಟೋ ಅದರ ಕೂಲಿ ಇಬ್ಬರಿಗೂ ಸಮಾ. ಒಂದು ಬುಟ್ಟಿ ಹಿಟ್ಟು ಮುಗೀತಂದ್ರ ಬಡಿಯಾಕಿ ಬೇಯಸಾಕಿ ಆಗಬೇಕು, ಬೇಯಸಾಕಿ ಬಡಿಯಾಕಿ. ಹಿಂಗಾದಮ್ಯಾಲೆ ಯಾರೂ ಹಲಗಿ ತುಂಬಸಂಗಿಲ್ಲ, ಯಾಕಂದ್ರ ಮುಂದಿನ ಬುಟ್ಟಿಗೆ ಹಂಚಿನ ಮುಂದ ತಾನ ಕುಂಡ್ರಬೇಕು. ಸುಡೋ ಹಂಚಿಗೆ ಕೈ ಹಚ್ಚಿದಾಕಿಗೆ ಬಡಿಯೋ ಕೈ ಎಷ್ಟು ಓಡಬೇಕು ಅಂತ ಯಾವ ಮಾಸ್ತರನೂ ಹೇಳಬೇಕಾಗಿಲ್ಲ.

ಗಿಳಿ ಮಾತು ಏನಂದ್ರ, ನಿನ್ನ ಗಿರಾಕಿ ಗಿಳೀನ ಕೇಳ್ತಾರ ಅಂತ ನೀನ ಬರದಿ. ಎಲ್ಲಾರ ರೊಟ್ಟಿನೂ ಒಂದ ಹದಕ್ಕ ಬಂದಮ್ಯಾಲೆ ಗಿಳಿ ಒಬ್ಬಾಕೀದು ಯಾಕ? ಗುರುಸಿದ್ದವ್ವನ ಅಂದ್ಲು, "ನನ್ನ ಗಿಳಿ ಎಲ್ಲಾರಿಗೂ ಇರ್ಲಿ ತಗೋರಿ." ತನ್ವೀರಗ ಇನ್ನೂ ಹನ್ನೊಂದು ಗಿಳಿ ಕೆತ್ತಾಕ ಹೇಳಿದ್ವಿ. ಅವನ ಸಿಟ್ಟು ಈಗ ಹನ್ನೆರಡು ಪಟ್ಟು. ಚಿಕ್ಕಿ, ತೆನಿ, ಕಮಲ ಒಲಿಗೆ ಹಾಕಿದ್ವಿ. ಸಾಗವಾನಿ ಅಲ್ಲೇನು, ಛಲೋ ಉರೀತು.

ನಿನಗ ಯಾಕ ಹೇಳಲಿಲ್ಲ? ಹೇಳಿದ್ರ ಕೇಳಾವಿದ್ದಿ ಏನು? ಕಿಸೆದಾಗ ಮಷಿನಿನ ಹಾಳಿ ಇಟಗೊಂಡು ಕುಂತಾವಗ "ನಿನ್ನ ಮುದ್ರಿ ತಪ್ಪು" ಅಂದ್ರ ಅವತ್ತ ಬೀಗ ಬೀಳತಿತ್ತು. ಮೊದಲು ರೊಟ್ಟಿ ಮುಟ್ಟಲಿ, ಆಮ್ಯಾಲೆ ಮಾತು ಮುಟ್ಟಲಿ ಅಂತ ಇದ್ದೆ.

ಕಡೀ ಮಾತು. ನಿಮ್ಮಪ್ಪನ ಹಸರ ಎಳಿ ನೆನಪಿಟ್ಟಿ. ನಿಮ್ಮವ್ವ ತಿಪ್ಪವ್ವ ನಸಕಿನ್ಯಾಗ ಎದ್ದು ರಾಟಿ ಮುಂದ ಕುಂತು ಲಾಳಿಗೆ ಹಾಕೋ ನೂಲಿನ ಕಂಡಿಕಿ ಸುತ್ತತಿದ್ಲು, ಬಾಜೂಕ ನಾನೂ ಕುಂಡ್ರತಿದ್ದೆ. ಆಕಿ ಸುತ್ತಿ ಕೊಡಲಿಲ್ಲಂದ್ರ ನಿಮ್ಮಪ್ಪನ ಲಾಳಿ ಖಾಲಿ ಓಡಬೇಕಿತ್ತು. ಆಕಿ ಎಳಿ ಯಾವ ಬಣ್ಣದ್ದಿತ್ತೋ, ಬಾಬ್ಯಾ? ಯಾವ ಸೀರಿ ತುದಿಗಿತ್ತು? ಬೇಯಿಸೋದರಾಗ ಎಣಸೂದು ಏನೈತಿ ಅಂತ ಬರಿಯಾಕ ನಿನಗ ಅಲ್ಲೇ ರೂಢಿ ಆಗೈತಿ.

ಬಾ. ಬೀಗಾನೂ ತಾ. ಆದ್ರ ಹಾಕೋಕಿಂತ ಮೊದಲು ಒಂದು ಬುಟ್ಟಿ ಹಿಟ್ಟು ಮುಗಿಯೂ ತನಕ ಹಂಚಿನ ಮುಂದ ಕುಂಡ್ರು. ಆಮ್ಯಾಲೆ ಬೀಗ ಹಾಕು, ನಾನ ಕೀಲಿ ತಿರುವತೀನಿ.

ರತ್ನಿ

*

ಪುಣೆ
30 ಮಾರ್ಚ್ 2025, ಯುಗಾದಿ

ರತ್ನವ್ವಾರಿಗೆ ಬಾಬಣ್ಣನ ನಮಸ್ಕಾರ.

ನಾ ಬಂದಾಗ ಆದದ್ದನ್ನ ನೀವು ಶಿಗ್ಲಿ ತುಂಬ ಹೇಳಿರ್ತೀರಿ, ಅಝೀಮ ಲಕ್ಷ್ಮೇಶ್ವರ ತುಂಬ ಹೇಳಿರ್ತಾನ. ನನ್ನ ಕಡೆ ಮಾತೂ ಒಂದು ಹಾಳಿ ಮ್ಯಾಲೆ ಇರ್ಲಿ.

ಬೀಗ ಕೈಯಾಗ ಹಿಡಕೊಂಡ ಒಳಗ ಬಂದಿದ್ದು ಖರೆ. ಯಾರೂ ಎದ್ದು ನಿಲ್ಲಲಿಲ್ಲ, ಅದೂ ಖರೆ. ಹನಮಂತವ್ವ ಸರದು ಹಂಚಿನ ಮುಂದ ತಾ ಕುಂಡ್ರೋ ಕಟಗಿ ಮಣಿ ತೋರಿಸಿ "ಕುಂಡ್ರಿ ಸಾವಕಾರ್ರ, ಬಿಸಿ ಐತಿ, ಜ್ವಾಕಿ" ಅಂದ್ಲು. ಗುರುಸಿದ್ದವ್ವ ಬಡದು ಕೊಟ್ಲು. ಮೊದಲನೇದು ಸುಟ್ಟೆ. ಎರಡನೇದು ಎತ್ತಾಕ ಹೋಗಿ ಕೈಬಟ್ಟು ಸುಟ್ಟಕೊಂಡೆ. ಆಕಿ ಬೇಕಂತ ಮುದ್ರಿ ದಿನದ ಓಟಕ್ಕ ಬಡಿಯಾಕ ಸುರು ಮಾಡಿದ್ಲು. ಹಲಗಿ ಮ್ಯಾಲೆ ರೊಟ್ಟಿ ಬಿತ್ತು, ಇನ್ನೊಂದು ಬಿತ್ತು. ನನ್ನ ಕಣ್ಣೆದುರಿಗೆ ಅಂಚು ಸೀಳತು. "ಸಾವಕಾಶ ಬಡಿ ಯವ್ವಾ!" ಅಂತ ನಾನ ಒದರಿದೆ. ಇಪ್ಪತ್ತನಾಕು ಮಂದಿ ನಕ್ಕ ನಗಿ ಇನ್ನೂ ಕಿವ್ಯಾಗ ಐತಿ. ಗುರುಸಿದ್ದವ್ವ ಅಂದ್ಲು, "ನಿಮ್ಮ ಗಿಳಿಗೆ ರೆಕ್ಕಿ ಅದಾವಲ್ಲರಿ." ಆವಾಗ ಹನಮಂತವ್ವನ ಮಾರಿ ನೋಡಬೇಕಿತ್ತು, ಹಬ್ಬ ಆಗಿತ್ತು.

ಮರುದಿನ ಮುಂಜಾನಿ ಗದಗ ದಾರಿಲೆ ಬೆಟಗೇರಿಗೆ ಹೋದೆ. ಅವ್ವನ್ನ ಕೇಳಿದೆ, "ಅವ್ವಾ, ನೀ ಎಷ್ಟು ಕಂಡಿಕಿ ಸುತ್ತಿರಬಹುದು?" ಆಕಿ ನನ್ನ ಹಣಿ ಮುಟ್ಟಿ ನೋಡಿ, "ಜ್ವರಾ ಇಲ್ಲಲ್ಲ" ಅಂದ್ಲು. ರಾಟಿ ಮಾಳಗಿ ಮ್ಯಾಲ ಇತ್ತು, ಇಳಿಸಿ ಧೂಳಾ ಒರಸಿ ಪಡಸಾಲ್ಯಾಗ ಇಟ್ಟು ಬಂದೆ.

ಇಮ್ಮಡಿ ಮುಟ್ಟದಿದ್ರೂ ಒಂದೂ ಒಡದು ಬರಲಿಲ್ಲ ಅಂತ ನಿನ್ನೆ ಶೇಟ್ ಸಹಿ ಮಾಡಿದ. ವರ್ಷಾನಗಟ್ಟಲೆ ಆರ್ಡರ್, ಅವ ಮೊದಲು ಹೇಳಿದ ಇಮ್ಮಡಿ ಅಲ್ಲ, ಇಮ್ಮಡಿಗಿಂತ ಒಂದು ಪೆಟಗಿ ಹೆಚ್ಚು. "ಒಂದು ಯಾಕ ಹೆಚ್ಚು?" ಅಂತ ಕೇಳಿದೆ. "ಮನಿಗೆ" ಅಂದ. ಹೊಸಾ ಹೆಂಗಸರನ್ನ ನೀವ ತಗೋರಿ, ನೀವ ಜೋಡಿ ಮಾಡ್ರಿ, ನಾ ಬಾಯಿ ಹಾಕಂಗಿಲ್ಲ. ಹೊಂಬಳದವರು ತಮ್ಮೂರಾಗೂ ಒಂದು ಶೆಡ್ ಹಾಕ್ರಿ ಅನ್ನಾಕತ್ತಾರಂತ, ಆ ಮಾತೂ ನಿಮ್ಮ ಕೈಯಾಗ ಐತಿ. ಮ್ಯಾನೇಜಮೆಂಟಿನ ಮಾಸ್ತರ ಮತ್ತ ಮಾತಾಡಾಕ ಕರದ. "ಸರ, ಈ ಸಲ ನಿಮ್ಮ ಕೋಟಿನವರನ್ನ ಒಂದು ಬುಟ್ಟಿ ಹಿಟ್ಟಿಗೆ ಶಿಗ್ಲಿಗೆ ಕಳಸ್ರಿ" ಅಂದೆ. ಬಂದ್ರ ಸುಡ್ಲಿ ಬಿಡ್ರಿ, ಬಟ್ಟು.

ಮೊದಲ ಕಾಗದದಾಗ ಖರ್ಚು ಹಾಕಿದ್ದೆ. ಈಗ ಯಾರಿಗೆ ಏನು ಬಂತು ಅಂತ ಹಾಕಿ ಮುಗಸ್ತೀನಿ.

ಹನ್ನೆರಡು ಒಲಿಗೆ: ವರ್ಷದ ಕೆಲಸ, ಕೂಲಿ ಇಬ್ಬರಿಗೂ ಸಮಾ.
ಗುರುಸಿದ್ದವ್ವಗ: ಕೊಡಾ. ಹನಮಂತವ್ವನ ಬುತ್ತಿಯಾಗ ಮತ್ತ ಪಾಲು.
ಹನಮಂತವ್ವಗ: ಗಿಳಿ. ಸಾವಕಾರನ್ನ ಕುಂಡ್ರಿಸಿದಾಕಿ ಅನ್ನೋ ಹೆಸರು.
ಅಝೀಮಗ: ಸ್ಟ್ಯಾಂಡಿನ್ಯಾಗ, ಎಲ್ಲಾರ ಎದುರಿಗೆ, ನನ್ನ ಕ್ಷಮಾಪಣಿ.
ತನ್ವೀರಗ: ಹೊಂಬಳಕ್ಕ ಬೇಕಾಗೋ ಗಿಳಿ ಕೆಲಸ. ಸಿಟ್ಟು ಅವನ ಹತ್ರನ ಇರ್ಲಿ.
ಮಷಿನಿನವಗ: ಅವನ ಬಣ್ಣದ ಹಾಳಿ, ವಾಪಸ್.
ನಿಮಗ: ಶೆಡ್ಡು, ಅದರ ಕೀಲಿ. ಬೀಗ ಇದ ಪೆಟಗಿಯಾಗ ಐತಿ, ಜ್ವಾಳದ ಕೋಣಿಗೆ ಹಾಕಾಕ ಬರ್ತೈತಿ.
ನನಗ: ಒಂದು ಸುಟ್ಟ ಬಟ್ಟು, ಇಡೀ ಪುಣೆಗೆ ಹೋಗೂವಷ್ಟು ರೊಟ್ಟಿ.
ಅವ್ವಗ: ಗಿಳಿ ರೊಟ್ಟಿ ಒಂದು ಪೆಟಗಿ. ಒಂದೂ ಒಡದಿರಲಿಲ್ಲ. ಹಲ್ಲಿಲ್ಲ ಅಂತ ಆಕೀನ ಒಡದು ಹಾಲಿನ್ಯಾಗ ಹಾಕ್ಕೊಂಡು ಉಂಡ್ಲು.

ಬಾಬ್ಯಾ